ಯಜಮಾನರ ದನಿ

ಅವನು ತೀರಿಕೊಂಡ ಮೇಲೆ ಟಿವಿಯವರು ಅವನ ಬಗ್ಗೆ ಹೇಳಿದ್ದರಲ್ಲಿ ಅರ್ಧ ಸುಳ್ಳು. ಬೆಂಗಳೂರಿನ ಯಾವುದೋ ವೇದಿಕೆಯಲ್ಲಿ ಮೈಕು ಹಿಡಿದ ದಿನ ಒಬ್ಬ ಹಾಸ್ಯಗಾರ ಹುಟ್ಟಿದ ಎಂದರು ಒಬ್ಬರು. ಮೊದಲು ಗುರುತಿಸಿದ್ದು ನಾವೇ ಎಂದರು ಸಿನಿಮಾದವರೊಬ್ಬರು. ಬೇಲೂರಿನ ನಮ್ಮ ಮನೆಯಲ್ಲಿ ಹುರುಳಿಕಾಯಿ ಮುರಿಯುತ್ತಾ ನೋಡುತ್ತಿದ್ದ ನನಗೆ ಸಿಟ್ಟು ಬಂದು ಟಿವಿ ಆರಿಸಿದೆ. ಅವನು ಜನರನ್ನು ನಗಿಸಲು ಶುರುಮಾಡಿದ್ದು ನಮ್ಮ ಜಿಲ್ಲೆಯ ರೇಡಿಯೋದಲ್ಲಿ, ತೆಂಗಿನ ನುಸಿ ರೋಗಕ್ಕೆ ಏನು ಮಾಡಬೇಕು ಎನ್ನುವ ಭಾಷಣಕ್ಕೂ ಹವಾಮಾನ ವರದಿಗೂ ನಡುವೆ ಸಿಕ್ಕ ಒಂದಿಷ್ಟು ನಿಮಿಷಗಳಲ್ಲಿ. ಪಕ್ಕದಲ್ಲಿ ಕೂತು "ಹ್ಞೂಂ ಮಾವ" ಎನ್ನುತ್ತಿದ್ದವಳು ನಾನು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಅಲ್ಲಿ ಖಾಯಂ ನೌಕರಳಲ್ಲ, ಕರೆದ ದಿನ ಹೋಗಿ ಬರುವ ಉದ್ಘೋಷಕಿ. ಬೇಲೂರಿನಿಂದ ಬಸ್ಸು ಹತ್ತಿ, ಧೂಳಿಗೆ ಗಂಟಲು ಕೆಡದಿರಲೆಂದು ಸೆರಗನ್ನು ಮೂಗಿಗೆ ಅಡ್ಡ ಹಿಡಿದು ಹೋಗುತ್ತಿದ್ದೆ. ಮಾತು ಸ್ಪಷ್ಟ, ಮುಖ ಗಂಟು ಅಂತ ನನಗೆ ಸ್ಟುಡಿಯೋದಲ್ಲಿ ಹೆಸರಿತ್ತು. ನನಗೆ ನಗು ಸುಲಭಕ್ಕೆ ಬರುವುದಿಲ್ಲ. ನಮ್ಮತ್ತೆ ಇದನ್ನು ಸೊಸೆಯ ದೊಡ್ಡ ಗುಣವೆಂದು ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದರು.

ಅವನು ಅರಸೀಕೆರೆಯ ಕೊಬ್ಬರಿ ವ್ಯಾಪಾರಿಯ ಮಗ. ಕಡ್ಡಿಯಂಥ ಆಳು, ಮೈಗಿಂತ ದೊಡ್ಡ ಅಂಗಿ. ಉದ್ಘೋಷಕನಾಗಬೇಕೆಂದು ಧ್ವನಿ ಪರೀಕ್ಷೆಗೆ ಬಂದಿದ್ದ. ಓದಲು ಕೊಟ್ಟ ಹಾಳೆಯಲ್ಲಿ ಯಾವುದೋ ಸೇತುವೆಯ ಉದ್ಘಾಟನೆಯ ಸುದ್ದಿಯಿತ್ತು. ಅವನು ಒಂದಕ್ಷರ ತಪ್ಪದೆ, ಮುಖ ಬಿಗಿಹಿಡಿದೇ ಓದಿದ. ಆದರೂ ಅವನು ಓದುವುದನ್ನು ಕೇಳಿದರೆ ಆ ಸೇತುವೆ ನಾಳೆಯೇ ಬೀಳುತ್ತದೆ ಅನಿಸುತ್ತಿತ್ತು. ಗಾಜಿನ ಆಚೆ ರೆಕಾರ್ಡಿಂಗ್ ಮಾಡುತ್ತಿದ್ದವರು ತಲೆ ತಗ್ಗಿಸಿ ಭುಜ ಕುಣಿಸುತ್ತಿದ್ದರು. ಪರೀಕ್ಷೆಯಲ್ಲಿ ಅವನನ್ನು ಫೇಲು ಮಾಡಿದರು. ರೈತರ ಕಾರ್ಯಕ್ರಮ ನೋಡಿಕೊಳ್ಳುತ್ತಿದ್ದ ಅಧಿಕಾರಿ ಮಾತ್ರ ಹೊರಗೆ ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿ, ನಾಳೆ ಬರ್ತೀಯೇನಪ್ಪ ಎಂದು ಕೇಳಿದರು.

ಆ ಅಧಿಕಾರಿಗೆ ಅವರದೇ ಕಷ್ಟ. ಸಂಜೆಯ ಕಾರ್ಯಕ್ರಮದಲ್ಲಿ ಔಷಧಿ, ಗೊಬ್ಬರ, ಸಾಲದ ಅರ್ಜಿ ಅಂತ ಶುರುವಾದ ಕೂಡಲೇ ಜನ ರೇಡಿಯೋ ಆರಿಸುತ್ತಾರೆ ಎಂದು ಮೇಲಿನವರು ಬೈದಿದ್ದರು. ಅದಕ್ಕೆ ಮಧ್ಯದಲ್ಲಿ ಮಾವ ಸೊಸೆ ಮಾತಾಡುವಂತೆ ಒಂದು ಸಂಭಾಷಣೆ ಬರೆದಿದ್ದರು. ಸೊಸೆ ನುಸಿ ರೋಗದ ಬಗ್ಗೆ ಪ್ರಶ್ನೆ ಕೇಳುವುದು, ಮಾವ ಉತ್ತರ ಹೇಳುವುದು. ಮದುವೆ ಮನೆಯ ಕೊನೆಯ ಪಂಕ್ತಿಯ ಸಾರಿನಂತಿತ್ತು ಅದು. ಇವನು ಒಂದು ಪುಟ ಓದಿದ. ಆಮೇಲೆ ಹಾಳೆಯನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟು, ಗಂಟಲನ್ನು ಎಲ್ಲಿಗೋ ಇಳಿಸಿ, ನುಸಿಯ ಜೊತೆಗೇ ಜಗಳಕ್ಕೆ ನಿಂತ.

"ಏನ್ ಸ್ವಾಮಿ ನುಸಿಯವ್ರೇ, ಕಣ್ಣಿಗೇ ಕಾಣಲ್ಲ ತಾವು, ಅಷ್ಟೆತ್ತರದ ಮರಕ್ಕೆ ಯಾವ ಏಣಿ ಹಾಕ್ಕೊಂಡು ಹತ್ತಿದ್ರಿ? ಹತ್ತಿದ್ರಲ್ಲ, ಕಾಯಿ ಕೆಡವಿ ಪುಣ್ಯ ಕಟ್ಕೊಳ್ಳೋದು ಬಿಟ್ಟು ಅಲ್ಲೇ ಸಂಸಾರ ಹೂಡಿದ್ರಾ?"

ಮಾತಿನ ಕೊನೆಯನ್ನು ಮೇಲಕ್ಕೆಳೆದು ಅಲ್ಲೇ ನಿಲ್ಲಿಸಿ, ನುಸಿ ಉತ್ತರ ಕೊಡಲೇಬೇಕು ಎನ್ನುವಂತೆ ಕಾದ. ನುಸಿ ಎಲ್ಲಿಂದ ಮಾತಾಡೀತು. ನನ್ನ ಕೈಯಲ್ಲಿದ್ದ ಪ್ರಶ್ನೆಗಳು ನನಗೆ ಮರೆತೇಹೋದವು. ಕತೆ ಹೇಳುವವರಿಗೆ ಯಾರಾದರೂ ಹ್ಞೂಂಗುಟ್ಟದಿದ್ದರೆ ಕತೆ ಮುಂದೆ ಹೋಗುವುದಿಲ್ಲವೆಂದು ಚಿಕ್ಕಂದಿನಲ್ಲಿ ನಮ್ಮಜ್ಜಿ ಕಲಿಸಿದ್ದರಲ್ಲ, ಅದೇ ಅಭ್ಯಾಸದಿಂದ "ಹ್ಞೂಂ ಮಾವ" ಎಂದೆ. ಅವನು ಮುಂದುವರಿಸಿದ. ಅಂದಿನಿಂದ ನನ್ನ ಪಾತ್ರಕ್ಕೆ ಅಷ್ಟೇ ಮಾತು.

ಆ ಪಾತ್ರಕ್ಕೆ ಯಜಮಾನರು ಎಂದು ಹೆಸರಾಯಿತು. ಯಜಮಾನರಿಗೆ ಪ್ರೀತಿ ಬಂದರೆ ಬೈಗುಳ, ಕೋಪ ಬಂದರೆ ಬಹುವಚನ. ಮಗಳನ್ನು ಕೋತಿ ಎನ್ನುತ್ತಿದ್ದರು. ಕೆಟ್ಟುನಿಂತ ಪಂಪ್‌ಸೆಟ್ಟಿಗೆ ತಾವು, ದಯಮಾಡಿ, ಸ್ವಾಮಿ ಎಂದು ಕೈಮುಗಿಯುತ್ತಿದ್ದರು. ಬಾರದ ಬಸ್ಸು, ಹಾರಿದ ಕರೆಂಟು, ಕಳೆದುಹೋದ ಚಪ್ಪಲಿ, ಎಲ್ಲದರ ಜೊತೆಗೂ ಅವರು ಹೀಗೇ ಮರ್ಯಾದೆಯಿಂದ ಜಗಳವಾಡಿದರು. ಬೇಲೂರು ಹಳೇಬೀಡು ದಾರಿಯ ಖಾಸಗಿ ಬಸ್ಸಿನಲ್ಲಿ ಡ್ರೈವರು ಆ ಹೊತ್ತಿಗೆ ರೇಡಿಯೋ ಜೋರು ಮಾಡುತ್ತಿದ್ದ. ಇಳಿಯಬೇಕಾದವರು ಇಳಿಯದೆ ಮುಂದಿನ ನಿಲ್ದಾಣಕ್ಕೆ ಹೋಗಿ ವಾಪಸು ನಡೆಯುತ್ತಿದ್ದರು. ಯಜಮಾನರು ನಿಜವಾಗಿ ಎಲ್ಲೋ ಇದ್ದಾರೆಂದೇ ಜನ ನಂಬಿದ್ದರು. ಆ ನಂಬಿಕೆ ಕೆಡಬಾರದೆಂದು ಅಧಿಕಾರಿ ಕಲಾವಿದರ ಹೆಸರು ಹೇಳದಿರುವುದನ್ನೇ ಪದ್ಧತಿ ಮಾಡಿಬಿಟ್ಟರು. ಮುದುಕನ ದನಿಯ ಹಿಂದೆ ಇಪ್ಪತ್ತು ದಾಟಿದ ಹುಡುಗನೊಬ್ಬ ಇದ್ದಾನೆ ಎಂದು ಸ್ಟೇಷನ್ನಿನ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಹಾಗೆಂದು ನಾನು ತಿಳಿದುಕೊಂಡಿದ್ದೆ.

ಮಾಲೇಕಲ್ಲು ತಿರುಪತಿಗೆ ನಮ್ಮದೊಂದು ಹರಕೆಯಿತ್ತು. ಬೆಟ್ಟ ಇಳಿದು ಬರುವಾಗ ಮನೆಗೆ ಬಂದೇ ಹೋಗಬೇಕೆಂದು ಅವನು ಒತ್ತಾಯ ಮಾಡಿದ್ದರಿಂದ ಅರಸೀಕೆರೆಯಲ್ಲಿ ಅವರ ಮನೆಗೆ ಹೋದೆವು, ನಾನೂ ನನ್ನ ಗಂಡನೂ. ಮುಂದೆ ಕೊಬ್ಬರಿ ಮಂಡಿ, ಹಿಂದೆ ಮನೆ. ಚಪ್ಪಲಿ ಬಿಡುತ್ತಿದ್ದೆ. ಮಂಡಿಯ ಒಳಗಿನಿಂದ ದನಿ ಬಂತು. ಯಾರೋ ತಕ್ಕಡಿಯನ್ನು ತರಾಟೆಗೆ ತೆಗೆದುಕೊಂಡಿದ್ದರು. ತಕ್ಕಡಿಯವರು ಬೆಳಗ್ಗೆಯಿಂದ ಒಂದು ಕಡೆಗೇ ವಾಲಿ ಕೂತಿದ್ದಾರೆ, ತಮಗೆ ಮೈ ಸರಿಯಿಲ್ಲವೋ ಅಥವಾ ಮನೆಯಲ್ಲಿ ಏನಾದರೂ ಮಾತು ಬಂತೋ, ಹೇಳಿದರಲ್ಲವೇ ನಮಗೆ ತಿಳಿಯುವುದು, ಎಂದು. ಅದೇ ಗಂಟಲು, ಅದೇ ಎಳೆತ, ಅದೇ ಕಾಯುವಿಕೆ. ನನ್ನ ಬಾಯಿಗೆ ಬಂದ ಹ್ಞೂಂ ಅನ್ನು ಹಲ್ಲು ಕಚ್ಚಿ ತಡೆದೆ.

ಅವನ ಅಪ್ಪ ಹೊರಗೆ ಬಂದರು. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಟವೆಲು, ಧಾರಾಳ ನಗು. ಊಟದ ಉದ್ದಕ್ಕೂ ಅವರೇ ಮಾತಾಡಿದರು, ನಾನು ಎಲೆ ಬಿಟ್ಟು ತಲೆಯೆತ್ತಲಿಲ್ಲ. ಅವನಮ್ಮ ಬಡಿಸುತ್ತಾ ಒಮ್ಮೆ ನನ್ನ ಮುಖ ನೋಡಿ, ಆಮೇಲೆ ಮಗನ ಮುಖ ನೋಡಿ, ತುಪ್ಪ ಹಾಕಿದರು. ಆ ತಾಯಿಗೆ ಎಲ್ಲ ಗೊತ್ತಿತ್ತು. ಅಪ್ಪನಿಗೆ ಮಾತ್ರ ಮಗ ರೇಡಿಯೋದಲ್ಲಿ ಹಾಡು ಹಾಕುವ ಯಂತ್ರ ನೋಡಿಕೊಳ್ಳುತ್ತಾನೆಂದು ಹೇಳಿಟ್ಟಿದ್ದರು.

ಊಟವಾದ ಮೇಲೆ ಅಪ್ಪ ನನ್ನನ್ನೇ ಕೇಳಿದರು, "ನಿಮ್ ರೇಡಿಯೋದಾಗೆ ಒಬ್ಬ ಯಜಮಾನ ಬತ್ತಾನಲ್ಲಮ್ಮ, ಯಾರವನು? ಒಳ್ಳೇ ತರಲೆ ಮುದುಕ ಕಣಮ್ಮ. ಪಂಪ್‌ಸೆಟ್ಗೆಲ್ಲ ಯಾರಾದ್ರೂ ಹಂಗೆ ಮಾತಾಡ್ತಾರಾ?"

ನಾನು ನೀರಿನ ಲೋಟ ಬಾಯಿಗಿಟ್ಟೆ.

ಬಸ್‌ಸ್ಟ್ಯಾಂಡಿನವರೆಗೆ ಅವನು ನಮ್ಮ ಜೊತೆ ಬಂದ. ಆಗ ಬಾಯಿ ಬಿಟ್ಟ. ಮಂಡಿ ಬೀದಿಯಲ್ಲಿ ಎಲ್ಲರಿಗೂ ಗೊತ್ತಂತೆ. ಮೊದಲ ದಿನವೇ ಅದು ಅಪ್ಪನ ದನಿಯೆಂದು ಗುರುತು ಹಿಡಿದಿದ್ದರಂತೆ. ಸಂಜೆಯಾದರೆ ಅಕ್ಕಪಕ್ಕದ ವ್ಯಾಪಾರಿಗಳು, ಹಮಾಲರು, ಬಾಣಾವರದ ಕಡೆಯಿಂದ ಕಾಯಿ ತಂದವರು, ಎಲ್ಲರೂ ಅಪ್ಪನ ಮಂಡಿಗೇ ಬಂದು ರೇಡಿಯೋ ಸುತ್ತ ಕೂರುತ್ತಾರೆ. ಅಪ್ಪ ಎಲ್ಲರಿಗಿಂತ ಜೋರಾಗಿ ನಗುತ್ತಾರೆ. ಉಳಿದವರು ಅಪ್ಪನನ್ನು ನೋಡಿ ನಗುತ್ತಾರೆ. ಆದರೆ ಒಬ್ಬರೂ ಅವರಿಗೆ ಹೇಳುವುದಿಲ್ಲ. ತೂಕದ ತಕರಾರು, ಅಣ್ಣತಮ್ಮಂದಿರ ಪಾಲು ಏನೇ ಬಂದರೂ ಆ ಬೀದಿ ತೀರ್ಮಾನಕ್ಕೆ ಬರುತ್ತಿದ್ದುದು ಅವರ ಹತ್ತಿರ. ಅಂಥವರ ಎದುರು ನಿಂತು, ಸ್ವಾಮಿ, ಅದು ನೀವೇ, ಎಂದು ಯಾರು ಹೇಳುತ್ತಾರೆ? ಮರ್ಯಾದೆ ಇತ್ತಲ್ಲ, ಅದಕ್ಕೇ ಹೇಳಲಿಲ್ಲ. ಇದನ್ನು ಈಗ ನೆನೆಸಿಕೊಂಡರೂ ನನಗೆ ಮೈ ಉರಿಯುತ್ತದೆ. ಅಷ್ಟೊಂದು ಮರ್ಯಾದೆ ಇಟ್ಟುಕೊಂಡ ಜನ ಒಬ್ಬ ಮನುಷ್ಯನನ್ನು ದಿನಾ ಸಂಜೆ ಮಧ್ಯದಲ್ಲಿ ಕೂರಿಸಿಕೊಂಡು ನೋಡಿ ನಗುತ್ತಿದ್ದರು.

ಅವರಿಗೇ ಹೇಗೆ ಗೊತ್ತಾಗಲಿಲ್ಲ ಎಂದು ನನ್ನ ಗಂಡ ಕೇಳಿದರು. ಅದು ನನಗೆ ಆಶ್ಚರ್ಯವಾಗಿರಲಿಲ್ಲ. ಟೇಪಿನಲ್ಲಿ ಮೊದಲ ಸಲ ನನ್ನ ದನಿ ಕೇಳಿದಾಗ ಯಾರೋ ಮೂಗು ಕಟ್ಟಿದ ಹೆಂಗಸು ನನ್ನ ಮಾತುಗಳನ್ನು ಆಡುತ್ತಿದ್ದಾಳೆಂದು ನಾನೂ ಅಂದುಕೊಂಡಿದ್ದೆ. ಯಜಮಾನರ ದನಿಯನ್ನಾದರೂ ಬದಲಿಸು, ಮಾತಿನ ರೀತಿ ಬದಲಿಸು ಎಂದು ಅವನಿಗೆ ಹೇಳಿದೆ. ಅವನು ಪ್ರಯತ್ನ ಮಾಡಿದ್ದೂ ಉಂಟು. ಒಂದು ವಾರ ಬೇರೆ ತರಹ ಮಾತಾಡಿದ. ಯಜಮಾನರಿಗೆ ಹುಷಾರಿಲ್ಲವೇ ಎಂದು ಊರೂರಿಂದ ಕಾರ್ಡುಗಳು ಬಂದವು. ಅಧಿಕಾರಿ ಅವನ್ನು ಅವನ ಮುಂದೆ ಸುರಿದು, ನೀನೇ ಉತ್ತರ ಕೊಡಪ್ಪ ಎಂದರು. ಮುಂದಿನ ವಾರ ಯಜಮಾನರು ಹುಷಾರಾದರು.

ಅದಾದ ಮೇಲೆ ಹಳೇಬೀಡಿನ ಕಾರ್ಯಕ್ರಮ ಬಂತು. ಕೇಳುಗರ ಎದುರಿಗೇ ರೆಕಾರ್ಡಿಂಗ್ ಮಾಡುವುದೆಂದು ಸ್ಟೇಷನ್ನಿನವರು ಗೊತ್ತುಮಾಡಿದರು. ಶಾಲೆಯ ಮೈದಾನದಲ್ಲಿ ಶಾಮಿಯಾನ, ತಂತಿಗಳು, ಟೇಪು ತಿರುಗುವ ಯಂತ್ರ. ಹುಲಿಕೆರೆಯಿಂದ ಜನ ಟ್ರ್ಯಾಕ್ಟರಿನಲ್ಲಿ ಬಂದಿದ್ದರು. ದೇವಸ್ಥಾನ ನೋಡಲು ಬಂದವರೂ ಗದ್ದಲ ಕೇಳಿ ಇತ್ತ ತಿರುಗಿದ್ದರು. ಯಜಮಾನರು ಹೇಗಿದ್ದಾರೆಂದು ಕಣ್ಣಾರೆ ನೋಡುವ ಆಸೆ ಎಲ್ಲರಿಗೂ. ನಾನು ವೇದಿಕೆಯ ಪಕ್ಕದ ಕೋಣೆಯಲ್ಲಿ ಬಿಸಿನೀರು ಕುಡಿಯುತ್ತಿದ್ದೆ. ಅವನು ಬಾಗಿಲ ಸಂದಿಯಿಂದ ಮೈದಾನ ನೋಡುತ್ತಿದ್ದವನು ಇದ್ದಕ್ಕಿದ್ದಂತೆ ಗೋಡೆಗೆ ಆನಿಕೊಂಡ.

"ಅಕ್ಕ, ಅಪ್ಪ ಬಂದಿದಾರೆ."

ಮಂಡಿಯವರು ಜೀಪು ಮಾಡಿಕೊಂಡು ಅವರನ್ನು ಕರೆತಂದಿದ್ದರು. ಮುಂದಿನ ಸಾಲಿನ ಮಧ್ಯದ ಕುರ್ಚಿಯಲ್ಲಿ ಕೂರಿಸಿದ್ದರು, ಅದೂ ಮರ್ಯಾದೆಯೇ. ಅಪ್ಪ ಹೊಸ ಪಂಚೆ ಉಟ್ಟು, ತರಲೆ ಮುದುಕನನ್ನು ನೋಡಲು ಬಂದಿದ್ದರು.

ನಾನು ಅಧಿಕಾರಿಯ ಹತ್ತಿರ ಹೋಗಿ ಅವನಿಗೆ ಗಂಟಲು ಕಟ್ಟಿಕೊಂಡಿದೆ, ಇವತ್ತು ಬೇಡ ಎಂದೆ. ಅವರು ಮೈದಾನದ ಕಡೆ ಕೈ ತೋರಿಸಿದರು. ಇಷ್ಟು ಜನಕ್ಕೆ ಏನು ಹೇಳಲಿ ಎಂದು ಅವರು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಬೇರೆ ಯಾರೋ ಮುದುಕನ ದನಿಯಲ್ಲಿ ಮಾಡಿ ಮುಗಿಸಿಬಿಡುತ್ತೇನೆ ಎಂದು ಅವನು ಕೊನೆಗೆ ತಾನೇ ಹೊರಟ. ನಾನು ಹಿಂದೆ ಹೋದೆ. ಕಡ್ಡಿಯಂಥ ಹುಡುಗ ವೇದಿಕೆಗೆ ಬಂದದ್ದನ್ನು ನೋಡಿ ಜನಕ್ಕೆ ಗಲಿಬಿಲಿಯಾಯಿತು. ಮುಂದಿನ ಸಾಲಿನಲ್ಲಿ ಅಪ್ಪ ಅರ್ಧ ಎದ್ದು ನಿಂತರು. ನಮ್ಮ ಹುಡುಗ, ನಮ್ಮ ಹುಡುಗ ಎಂದು ಪಕ್ಕದವರ ತೋಳು ಹಿಡಿದು ಹೇಳುತ್ತಿದ್ದುದು ನನಗೆ ಕಾಣಿಸಿತು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಮುಂದೆಂದೂ ನೋಡಲಿಲ್ಲ.

ಅವನು ತೆಳ್ಳಗಿನ, ಮೂಗಿನಲ್ಲಿ ಬರುವ ಒಂದು ದನಿ ತೆಗೆದ. ಜನ ಕತ್ತು ಎತ್ತಿ ವೇದಿಕೆಯ ಹಿಂದೆ ಹುಡುಕಿದರು. ಆಮೇಲೆ ಹಿಂದಿನಿಂದ, ಇದ್ಯಾರ್ಲಾ, ಯಜಮಾನ್ರು ಎಲ್ಲಿ, ಎಂದು ಕೂಗು ಶುರುವಾಯಿತು. ಶಿಳ್ಳೆ ಬಿತ್ತು. ಅವನು ನನ್ನ ಕಡೆ ನೋಡಿದ. ನಾನು ಏನು ಮಾಡಲಿ? ನನಗಿದ್ದದ್ದು ಒಂದೇ ಮಾತು. ಅಧಿಕಾರಿ ವೇದಿಕೆಯ ಕೆಳಗಿನಿಂದ ಎರಡೂ ಕೈಯಲ್ಲಿ ಬೇಡಿಕೊಳ್ಳುತ್ತಿದ್ದರು. ಅವನು ಕಣ್ಣು ಮುಚ್ಚಿ, ಗಂಟಲನ್ನು ಇಳಿಸಿ, ಎದುರಿಗಿದ್ದ ಮೈಕಿಗೇ, "ಏನ್ ಸ್ವಾಮಿ" ಎಂದ.

ಮೈದಾನ ಕುಣಿದುಬಿಟ್ಟಿತು. ಅಪ್ಪನೂ ನಕ್ಕರು. ಮಗನೇ ಆ ಮುದುಕ ಎಂದು ತಿಳಿದ ಸಂತೋಷಕ್ಕೆ ತೊಡೆ ತಟ್ಟಿಕೊಂಡು ನಕ್ಕರು. ನಗುತ್ತಲೇ ತಿರುಗಿ ತಮ್ಮವರ ಕಡೆ ನೋಡಿದರು. ಅವರು ಯಾರೂ ವೇದಿಕೆ ನೋಡುತ್ತಿರಲಿಲ್ಲ. ಆ ಸಾಲಿನ, ಹಿಂದಿನ ಸಾಲಿನ ಅರಸೀಕೆರೆಯವರೆಲ್ಲ ಅಪ್ಪನ ಮುಖವನ್ನೇ ನೋಡುತ್ತಾ ಹೊಟ್ಟೆ ಹಿಡಿದುಕೊಂಡಿದ್ದರು. ಅಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದರು. ಮತ್ತೆ ಮಗನ ಕಡೆ ತಿರುಗಿ, ಈ ಸಲ ನಗದೆ, ಕಿವಿಗೆ ಕೈಯಿಟ್ಟು ಕೇಳಿಸಿಕೊಂಡರು. ಅವರಿಗೆ ತಿಳಿದದ್ದು ಆಗ. ನಾನು ವೇದಿಕೆಯ ಮೇಲಿಂದ ಅದನ್ನು ಸ್ಪಷ್ಟವಾಗಿ ನೋಡಿದೆ. ಟೇಪು ತಿರುಗುತ್ತಿತ್ತು. ನಾನು ಹ್ಞೂಂ ಮಾವ, ಹ್ಞೂಂ ಮಾವ ಎನ್ನುತ್ತಲೇ ಇದ್ದೆ. ನಿಲ್ಲಿಸುವುದು ಹೇಗೆಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಮುಗಿದ ಮೇಲೆ ಅಪ್ಪ ವೇದಿಕೆಯ ಹಿಂದೆ ಬಂದರು. ಅವನು ಕಾಲಿಗೆ ಬೀಳಲು ಹೋದರೆ ಭುಜ ಹಿಡಿದು ಎತ್ತಿದರು. ಚೆನ್ನಾಗಿತ್ತಪ್ಪ, ಎಂದರು. ಅಷ್ಟೇ. ದನಿ ಎಷ್ಟು ಸಣ್ಣಗಿತ್ತೆಂದರೆ ಅದು ಅವರದೇ ಎಂದು ನನಗೆ ಅನಿಸಲಿಲ್ಲ. ಹೋಗಿ ಜೀಪಿನಲ್ಲಿ ಕೂತರು.

ಅಂದಿನಿಂದ ಆ ಮನುಷ್ಯ ಮಾತು ಬಿಟ್ಟರು. ಮೂಗರಾದರೆಂದಲ್ಲ. ಬೇಕಾದಷ್ಟಕ್ಕೆ ಬೇಕಾದಷ್ಟು ಹೇಳುತ್ತಿದ್ದರು. ಹೌದು, ಆಗಲಿ, ನಾಳೆ ಬನ್ನಿ. ತಕ್ಕಡಿ ವಾಲಿದರೆ ಸುಮ್ಮನೆ ಎದ್ದು ಸರಿಮಾಡಿ ಕೂರುತ್ತಿದ್ದರು. ತೀರ್ಮಾನಕ್ಕೆ ಬಂದವರನ್ನು ಬೇರೆಯವರ ಹತ್ತಿರ ಕಳಿಸುತ್ತಿದ್ದರು. ಮಂಡಿಯ ರೇಡಿಯೋ ಇದ್ದಲ್ಲೇ ಇತ್ತು. ಸಂಜೆ ಬರುತ್ತಿದ್ದವರು ಒಂದೆರಡು ದಿನ ಬಂದು, ಕೂತು, ಕೈ ಕೈ ಹಿಸುಕಿಕೊಂಡು ಎದ್ದುಹೋದರಂತೆ.

ಇದನ್ನೆಲ್ಲ ಅವನೇ ನನಗೆ ಹೇಳಿದ್ದು, ಸ್ಟುಡಿಯೋದ ಹಿಂದಿನ ಕಟ್ಟೆಯ ಮೇಲೆ ಕೂತು. ಜನರನ್ನು ಅಷ್ಟು ನಗಿಸುವವನು ಅಳುವುದನ್ನು ನೋಡುವುದು ಬಹಳ ಹಿಂಸೆ. "ಒಂದ್ಸಲ ಬೈದ್ಬಿಟ್ಟಿದ್ರೆ ಸಾಕಾಗಿತ್ತು ಅಕ್ಕ. ಏನ್ ಸ್ವಾಮಿ ಮಗನವ್ರೇ ಅಂತ ಶುರು ಮಾಡಿ ಇಡೀ ದಿನ ಬೈದಿದ್ರೂ ಕೇಳಿಸ್ಕೊತಿದ್ದೆ," ಎಂದ. ನೀವಾದರೂ ಒಮ್ಮೆ ಹೋಗಿ ಮಾತಾಡಿಸಿ ಎಂದು ಕೇಳಿಕೊಂಡ. ಅವನ ಅಪ್ಪನನ್ನು ಅವನು ಗೇಲಿ ಮಾಡಿರಲಿಲ್ಲ, ಇದು ನನಗೆ ಖಂಡಿತ ಗೊತ್ತು. ಆ ದನಿ ತೆಗೆಯುವಾಗ ಅವನ ಮುಖ ಮೃದುವಾಗುತ್ತಿತ್ತು. ಅಷ್ಟು ಇಷ್ಟವಿಲ್ಲದಿದ್ದರೆ ಯಾರೂ ಇನ್ನೊಬ್ಬರ ಉಸಿರನ್ನೂ ಬಿಡದೆ ಹಾಗೆ ಕಲಿಯುವುದಿಲ್ಲ.

ಹೋದೆ. ಮಂಡಿಯಲ್ಲಿ ಅವರೊಬ್ಬರೇ ಇದ್ದರು. ಕುಳಿತುಕೊಳ್ಳಲು ಚೀಲದ ಮೇಲೆ ಟವೆಲು ಹಾಸಿದರು. ಒಳಗೆ ಕೂಗಿ ಕಾಫಿ ತರಿಸುವ ಬದಲು ತಾವೇ ಎದ್ದುಹೋಗಿ ತಂದರು. ನಾನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಮಾತೆಲ್ಲ ಕಾಫಿಯ ಜೊತೆ ಕೆಳಗಿಳಿಯಿತು. ಅವರೇ ಕೇಳಿದರು.

"ನಿಜವಾಗ್ಲೂ ನಾನು ಹಂಗೇನಾ ತಾಯಿ ಮಾತಾಡೋದು?"

ಹೌದೆಂದರೆ ಒಂದು ನೋವು, ಇಲ್ಲವೆಂದರೆ ಸುಳ್ಳು. ಎಲ್ಲರೂ ಪ್ರೀತಿಯಿಂದಲೇ ನಗುತ್ತಾರೆ ಎಂದೆ. ಅದು ನಿಜವೂ ಆಗಿತ್ತು.

"ಪ್ರೀತಿ ಐತೆ ಅಂತ ನಂಗೂ ಗೊತ್ತು. ಆದ್ರೆ ಬಾಯಿ ತೆರೆದ್ರೆ ಸಾಕು, ಎದುರಿಗಿರೋರ ತುಟಿ ಆಗ್ಲೇ ನಗೋಕೆ ರೆಡಿ ಆಗಿರ್ತದೆ ಕಣಮ್ಮ. ಕೋಪ ಬಂದಾಗ್ಲೂ ಅಷ್ಟೆ, ಸಂಕಟ ಆದಾಗ್ಲೂ ಅಷ್ಟೆ. ನಾನ್ ಏನ್ ಮಾಡ್ಲಿ, ನಂಗೆ ಬರೋದು ಅದೊಂದೇ ಮಾತು."

ಮಗನ ಮೇಲೆ ಕೋಪವೇ ಎಂದು ಕೇಳಿದೆ. ತಲೆ ಅಲ್ಲಾಡಿಸಿದರು. ಅವನು ಬದುಕಲಿ, ದೊಡ್ಡವನಾಗಲಿ, ನನ್ನ ದನಿಯಿಂದ ಅವನಿಗೆ ಅನ್ನ ಸಿಗುವುದಾದರೆ ಸಿಗಲಿ ಎಂದರು. ಮಾತು ಉದ್ದವಾಯಿತೆಂದು ಗೊತ್ತಾದವರಂತೆ ಅಲ್ಲಿಗೆ ನಿಲ್ಲಿಸಿ, ನನ್ನ ಲೋಟ ತೆಗೆದುಕೊಂಡು ಒಳಗೆ ಹೋದರು. ನಾನು ಬೇಲೂರಿಗೆ ವಾಪಸು ಬಂದೆ. ಅವನಿಗೆ, ಅಪ್ಪನಿಗೆ ಕೋಪವಿಲ್ಲವಂತೆ ಎಂದೆ. ಅವನ ಮುಖ ಇನ್ನಷ್ಟು ಬಾಡಿತು.

ಯಜಮಾನರನ್ನು ನಿಲ್ಲಿಸುವುದಾಗಿ ಅವನು ಅಧಿಕಾರಿಗೆ ಹೇಳಿದ. ನಿಲ್ಲಿಸಿಯೂ ಬಿಟ್ಟ. ಆದರೆ ಅಷ್ಟರಲ್ಲಿ ಹೊರಗಿನವರು ಬಂದರು. ಕ್ಯಾಸೆಟ್ಟಿನವರು, ವಾರ್ಷಿಕೋತ್ಸವದವರು, ಆಮೇಲೆ ಟಿವಿ. ಹೋದಲ್ಲೆಲ್ಲ ಬೇರೆ ಬೇರೆ ತಮಾಷೆ ಮಾಡುತ್ತಿದ್ದ; ಕೊನೆಗೆ ಜನ ಕೇಳುತ್ತಿದ್ದುದು ಅದೊಂದನ್ನೇ. ಹಳೇಬೀಡಿನಲ್ಲಿ ಆದದ್ದೇ ಎಲ್ಲ ಊರಿನಲ್ಲೂ ಆಯಿತು. ಅವನು ಒಪ್ಪಿದ. ಜೀವನ ನಡೆಯಬೇಕಿತ್ತು. ಮದುವೆಯಾಗಿತ್ತು, ಒಂದು ಮಗುವಿತ್ತು. ಒಂದು ಕಾಲಕ್ಕೆ ನಮ್ಮ ಬೀದಿಯ ಮಕ್ಕಳು, ಅರಸೀಕೆರೆ ಎಲ್ಲಿದೆ ಎಂದು ಗೊತ್ತಿಲ್ಲದವರು ಸಹ, ಸೈಕಲ್ಲಿನ ಚೈನು ಕಳಚಿದರೆ ಏನ್ ಸ್ವಾಮಿ ಚೈನಿನವ್ರೇ ಎನ್ನುತ್ತಿದ್ದರು.

ಎಲ್ಲಿದ್ದರೂ ನನಗೆ ಆಗಾಗ ಫೋನು ಮಾಡುತ್ತಿದ್ದ. ಊರಿಗೆ ಹೋದರೆ ಅಪ್ಪ ನೆಂಟರನ್ನು ಮಾತಾಡಿಸಿದಂತೆ ಮಾತಾಡಿಸುತ್ತಾರೆ ಎನ್ನುತ್ತಿದ್ದ. ಊಟ ಆಯಿತೇ, ಬಸ್ಸು ಸಿಕ್ಕಿತೇ, ಮಗು ಚೆನ್ನಾಗಿದೆಯೇ. ಬಾಗಿಲ ಹಿಂದೆ ನಿಂತು ಕೇಳುತ್ತೇನೆ ಅಕ್ಕ, ಒಬ್ಬರೇ ಇದ್ದಾಗಲಾದರೂ ಯಾವುದಕ್ಕಾದರೂ ಬೈಯುತ್ತಾರೇನೋ ಅಂತ, ಇಲ್ಲ, ಹಾಲು ಉಕ್ಕಿದರೂ ಸುಮ್ಮನೆ ಒರೆಸುತ್ತಾರೆ, ಎಂದ ಒಮ್ಮೆ. ಹೊಸ ಮಾತೇ ಹುಟ್ಟುತ್ತಿಲ್ಲ ಎಂದೂ ಹೇಳಿದ. ಚಿಕ್ಕಂದಿನಿಂದ ಕೇಳಿ ತುಂಬಿಕೊಂಡಿದ್ದನ್ನೇ ತಿರುವಿ ತಿರುವಿ ಹಾಕುತ್ತಿದ್ದ. ಟಿವಿಯಲ್ಲಿ ನೋಡಿದರೆ ನನಗೂ ಗೊತ್ತಾಗುತ್ತಿತ್ತು. ದನಿ ದಪ್ಪವಾಗಿತ್ತು, ಕಾಯುವಿಕೆ ಕಡಿಮೆಯಾಗಿತ್ತು. ಜನಕ್ಕೆ ಅದರಿಂದೇನೂ ಆಗಬೇಕಿರಲಿಲ್ಲ, ಮೊದಲ ಮಾತಿಗೇ ನಗುತ್ತಿದ್ದರು.

ಸಾವು ಎಲ್ಲೋ ಒಂದು ಊರಿನ ಲಾಡ್ಜಿನಲ್ಲಿ ಬಂತು. ಮಧ್ಯಾಹ್ನದ ಕಾರ್ಯಕ್ರಮ ಮುಗಿಸಿ, ಎದೆ ಹಿಡಿದುಕೊಂಡಂತಾಗಿದೆ ಎಂದು ಮಲಗಿದವನು ಏಳಲಿಲ್ಲ. ನಲವತ್ತೂ ಆಗಿರಲಿಲ್ಲ. ನಾವು ಅರಸೀಕೆರೆ ತಲುಪುವ ಹೊತ್ತಿಗೆ ಮಂಡಿ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವನ ಅಭಿಮಾನಿಗಳು ಬೇರೆ ಬೇರೆ ಊರುಗಳಿಂದ ಬಂದಿದ್ದರು. ಎಲ್ಲರ ಕಣ್ಣೂ ಕೆಂಪಾಗಿತ್ತು, ಸುಳ್ಳು ಹೇಳಬಾರದು. ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು.

ಅವರ ಮನೆತನದಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಅವನನ್ನೂ ಮಂಡಿಯ ಮುಂದೆ ಹಲಗೆಯ ಮೇಲೆ ಕೂರಿಸಿ, ಹಣೆಗೆ ವಿಭೂತಿ ಬಳಿದು, ಹೂವಿನ ಹಾರ ಹಾಕಿದ್ದರು. ತಲೆ ಒಂದಿಷ್ಟು ಬಾಗಿತ್ತು. ಎದುರಿಗಿರುವವರು ಏನೋ ಹೇಳಲಿ ಎಂದು ಕಾಯುತ್ತಿರುವವನ ಹಾಗಿದ್ದ. ಅವನಮ್ಮನೂ ಹೆಂಡತಿಯೂ ಪಕ್ಕದಲ್ಲಿ ಅತ್ತು ಅತ್ತು ಸುಸ್ತಾಗಿ ಕೂತಿದ್ದರು. ಅಪ್ಪ ಒಳಗೆಲ್ಲೋ ಇದ್ದರು. ಒಂದು ಹನಿ ಕಣ್ಣೀರು ಹಾಕಿಲ್ಲ, ಒಂದು ಮಾತಾಡಿಲ್ಲ, ಅತ್ತುಬಿಟ್ಟರೆ ಒಳ್ಳೆಯದಿತ್ತು, ಎಂದು ಬಾಣಾವರದಿಂದ ಬಂದಿದ್ದ ಆ ಮನೆಯ ಅಳಿಯ, ಅವನ ತಂಗಿಯ ಗಂಡ, ನನಗೆ ಹೇಳಿದ. ಅವನೇ ಒಳಗೆ ಹೋಗಿ ಮಾವನ ಕೈಹಿಡಿದು ಕರೆದುಕೊಂಡು ಬಂದ.

ಅಪ್ಪ ಬಂದು ಮಗನ ಎದುರಿಗೆ ನಿಂತರು. ಬಹಳ ಹೊತ್ತು ನೋಡಿದರು. ಆಮೇಲೆ ಅವರ ಮುಖ ಬಿಗಿಯಿತು, ಕುತ್ತಿಗೆಯ ನರ ಉಬ್ಬಿತು. ಅವರಿಗೆ ದುಃಖಕ್ಕಿಂತ ಮೊದಲು ಬಂದದ್ದು ಕೋಪ. ಇಷ್ಟು ವರ್ಷ ಅದುಮಿಟ್ಟಿದ್ದ ಗಂಟಲು ತಾನಾಗಿ ತೆರೆದುಕೊಂಡಿತು.

"ಏನ್ ಸ್ವಾಮಿ... ಎಲ್ಲಿಗೆ ಹೊರಟ್ರಿ ತಾವು? ಹೆತ್ತೋರ್ನ ಒಂದ್ ಮಾತು ಕೇಳ್ಬೇಕು ಅಂತ ಅನ್ನಿಸ್ಲಿಲ್ವಾ ತಮಗೆ? ದೊಡ್ಡ ಮನುಷ್ರಾಗ್ಬಿಟ್ರಾ?"

ಮಾತಿನ ಕೊನೆ ಮೇಲಕ್ಕೆ ಹೋಗಿ ಅಲ್ಲೇ ನಿಂತಿತು. ಅವರು ಉತ್ತರಕ್ಕೆ ಕಾದರು.

ಹಿಂದೆ ಯಾರೋ ನಕ್ಕರು. ತಡೆಯಲು ನೋಡಿ ಆಗದೆ ಮೂಗಿನಿಂದ ಹೊರಬಿದ್ದ ನಗು. ಅದಕ್ಕೆ ಇನ್ನೊಂದು ಸೇರಿತು. ಬೀದಿಯ ಆ ತುದಿಯವರೆಗೂ ಅದು ಹೋಯಿತು. ಯಾರಿಗೂ ಬೇಕಿರಲಿಲ್ಲ. ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು, ಗಂಡಸರು ಗೋಡೆಗೆ ಮುಖ ಮಾಡಿದರು, ಕಣ್ಣಲ್ಲಿ ನೀರು ಹರಿಯುತ್ತಿದ್ದವರ ಭುಜಗಳೂ ಕುಣಿಯುತ್ತಿದ್ದವು. ಅವರನ್ನು ಬೈಯೋಣವೆಂದರೆ ಯಾರನ್ನು ಬೈಯಲಿ? ಆ ದನಿ ಕೇಳಿದರೆ ನಗಬೇಕೆಂದು ಅವರಿಗೆ ಕಲಿಸಿದವನು ಅಲ್ಲಿ ಹಾರ ಹಾಕಿಸಿಕೊಂಡು ಕೂತಿದ್ದ. ಕಲಿಸುವಾಗ ಪಕ್ಕದಲ್ಲಿದ್ದವಳು ನಾನು. ನನಗೆ ಅಲ್ಲಿಂದ ಓಡಿಹೋಗಬೇಕೆನಿಸಿತು. ಹೋಗದೆ ಅವನ ಎದುರಿಗೇ ನೆಲದ ಮೇಲೆ ಕೂತೆ.

ಅಪ್ಪನಿಗೆ ಕೇಳಿಸಿತು. ಇನ್ನೂ ಹೇಳುವುದಿತ್ತು ಅವರಿಗೆ, ಬಾಯಿ ತೆರೆದೇ ಇತ್ತು. ಮುಚ್ಚಿದರು. ಜನರ ಕಡೆ ತಿರುಗಿ ನೋಡಲಿಲ್ಲ. ಅಳಿಯ ಹಿಡಿದುಕೊಂಡು ಬಂದು ಕೂರಿಸಿದ, ಮಗನ ಪಕ್ಕದಲ್ಲಿ. ಅವರು ಮಗನ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕೂತರು. ಸ್ವಲ್ಪ ಹೊತ್ತಿಗೆ ಅವರ ತುಟಿಗಳು ಅಲುಗಾಡತೊಡಗಿದವು. ಹೆಣ ಎತ್ತುವವರೆಗೂ ಅವರು ಮಗನಿಗೆ ಏನೇನೋ ಹೇಳುತ್ತಲೇ ಇದ್ದರು. ಎದುರಿಗೇ ಕೂತಿದ್ದ ನನಗೂ ಒಂದು ಅಕ್ಷರ ಕೇಳಿಸದ ಹಾಗೆ, ದನಿ ಹೊರಡಿಸದೆ.